ಮದರಾಸಿನಿಂದ ತಂದ ಕನ್ನಡಕ

ಹೋದ ತಿಂಗಳು ನಂಜನಗೂಡಿನ ರೈಲ್ವೆ ಸ್ಟೇಷನ್ನಿನ ಹೊರಗೆ ರೈಲಿಗಾಗಿ ಕಾಯುತ್ತ ನಿಂತಿದ್ದೆ. ಬೇಲಿಯ ಪಕ್ಕದಲ್ಲಿ ಒಬ್ಬ ಮುದುಕ ಕಂಬಳಿ ಹಾಸಿ, ಅದರ ಮೇಲೆ ಕನ್ನಡಕಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ. ನಾನು ಆ ಕಡೆ ನೋಡಿದ್ದನ್ನು ಅವನು ನೋಡಿದ.

“ಬನ್ನಿ ಸಾ, ಆಕ್ಕಂಡು ನೋಡಿ. ಬ್ಯಾಡ ಅಂದ್ರೆ ಮಡಗ್ಬುಟ್ಟು ಓಗಿ.”

“ನನ್ನ ಕಣ್ಣು ಸರಿಯಾಗೇ ಇದೆ ಕಣಯ್ಯ.”

“ಎಲ್ಲಾರೂ ಅಂಗೇ ಅನ್ನಾದು. ಆಮ್ಯಾಕೆ ಅನ್ನದಲ್ಲಿ ಕಲ್ಲು ಸಿಕ್ತು ಅಂತ ಎಂಡ್ರ ಮ್ಯಾಲೆ ಕೂಗಾಡಾದು.”

ನಗುತ್ತ ಕೂತು, ಅವನು ಕೊಟ್ಟದ್ದನ್ನು ಹಾಕಿಕೊಂಡೆ. ಬಿಸಿಲಿಗೆ ಕಾದಿದ್ದ ತಂತಿ ಕಿವಿಯ ಹಿಂದೆ ಚುರುಕ್ ಎಂದಿತು. ಮದರಾಸಿನ ಸಮುದ್ರದ ದಂಡೆಯಲ್ಲಿ, ನನಗೆ ಇನ್ನೂ ಕನ್ನಡಕ ಬೇಡವಾಗಿದ್ದ ವಯಸ್ಸಿನಲ್ಲಿ, ಇದೇ ಬಿಸಿ ಇದೇ ಜಾಗದಲ್ಲಿ ತಾಗಿತ್ತು. ಮುದುಕ ಏನೋ ಕೇಳುತ್ತಿದ್ದ.

ಆ ವರ್ಷದ್ದೆಂದು ನನ್ನಲ್ಲಿ ಉಳಿದಿರುವುದು ಇಂಥ ಚೂರುಗಳೇ. ನಾನು ದಿನಚರಿ ಬರೆಯಲು ತೊಡಗಿದ್ದು ಅದಾದ ಮೇಲೆ. ಬರೆಯುತ್ತ ಬಂದಂತೆ ಒಂದು ಸಂಗತಿ ತಿಳಿಯಿತು. ಹಳೆಯ ಪುಟ ತೆಗೆದು ಓದಿದರೆ ಅದಕ್ಕೂ ನನ್ನ ನೆನಪಿಗೂ ಎಷ್ಟೋ ಸಲ ಹೊಂದುವುದೇ ಇಲ್ಲ. ಹಾಗಿರುವಾಗ, ಬರೆಯದೆ ಬಿಟ್ಟ ವರ್ಷವನ್ನು ಎಷ್ಟು ನಂಬಬೇಕು? ಆದರೂ ಬರೆಯುತ್ತೇನೆ. ಅನುಮಾನ ಇರುವಲ್ಲಿ ಅನುಮಾನವೆಂದೇ ಹೇಳುತ್ತೇನೆ.

ನಮ್ಮ ಊರು ತಿರುಮಕೂಡಲು ನರಸೀಪುರ. ಮನೆಯಲ್ಲಿ ತಂದೆಯನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಮಳೆಗಾಲದ ನಾಲ್ಕು ತಿಂಗಳು ಸಂಜೆ ದೇವಸ್ಥಾನದ ಮಂಟಪದಲ್ಲಿ ಅಣ್ಣ ಪುರಾಣ ವಾಚಿಸುತ್ತಿದ್ದರು. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯವನ್ನು ರಾಗವಾಗಿ ಓದಬೇಕು, ಇನ್ನೊಬ್ಬರು ಅದರ ಅರ್ಥ ಹೇಳಬೇಕು. ಅರ್ಥ ಹೇಳುತ್ತಿದ್ದವರು ನಂಜನಗೂಡಿನ ಶಾಮಣ್ಣನವರು. ಆಷಾಢ ಬಂತೆಂದರೆ ಹಾಸಿಗೆ ಸುತ್ತಿಕೊಂಡು ಎತ್ತಿನ ಗಾಡಿಯಲ್ಲಿ ಬಂದುಬಿಡುವರು. ಕಾರ್ತಿಕದವರೆಗೆ ಊಟ, ನಿದ್ದೆ, ನಶ್ಯ, ಸೀನು ಎಲ್ಲ ನಮ್ಮ ಜಗಲಿಯಲ್ಲೇ.

ಅಣ್ಣನ ಕಣ್ಣು ಮಂಜಾಗುತ್ತಿರುವುದು ಊರಿಗೆ ತಿಳಿದದ್ದು ಹೇಗೋ ನನಗೆ ಗೊತ್ತಿಲ್ಲ. ಮಂಟಪದ ಮೆಟ್ಟಿಲಲ್ಲಿ ಎರಡು ಸಲ ಎಡವಿದ್ದರಂತೆ. ಆ ಸಂಕ್ರಾಂತಿಗೆ, ಬಿ.ಎ. ಓದುತ್ತಿದ್ದ ಮದರಾಸಿನಿಂದ ನಾನು ಬಂದಿದ್ದಾಗ ಶಾನುಭೋಗ ಕೃಷ್ಣಪ್ಪನವರು ಮನೆಗೆ ಬಂದರು. ಒಳ್ಳೆಯವರು. ಹೇಳಬೇಕಾದದ್ದನ್ನು ಹೇಳಲಾರದೆ ಎಳ್ಳು ಬೆಲ್ಲವನ್ನು ಬಹಳ ಹೊತ್ತು ಅಗಿದರು.

“ನೋಡಿ, ಜನ ಏನೇನೋ ಅಂತಾರೆ. ನಿಮಗೆ ಅಕ್ಷರ ಕಾಣ್ಸೋದಾದ್ರೆ ಪುರಾಣದ ಪೀಠ ನಿಮ್ದೇ. ಕಾಣ್ಸದೇ ಹೋದ್ರೆ ನಂಜನಗೂಡಿನ ಆ ಹುಡುಗ ಶ್ರೀಕಂಠನ್ನ ಕೇಳೋಣ ಅಂತ ಇದೆ. ಆಷಾಢದೊಳಗೆ ಒಂದು ತೀರ್ಮಾನ ಆಗ್ಲಿ.”

ಆ ಪೀಠದಿಂದ ನಮಗೆ ಬರುತ್ತಿದ್ದದ್ದು ದೊಡ್ಡದೇನೂ ಅಲ್ಲ. ಆದರೆ ಉಳಿದ ಎಂಟು ತಿಂಗಳು ಅಣ್ಣ ಆ ನಾಲ್ಕು ತಿಂಗಳಿಗಾಗಿ ಕಾಯುತ್ತಿದ್ದರು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹಬ್ಬಕ್ಕೆ ಬಂದಿದ್ದ ಶಾಮಣ್ಣನವರೇ ದಾರಿ ಹೇಳಿದರು. ಮದರಾಸಿನಲ್ಲಿ ದೊರೆಗಳ ಅಂಗಡಿಗಳಿವೆ, ಅಲ್ಲಿ ಸಿಕ್ಕುವ ಕನ್ನಡಕ ಹಾಕಿದರೆ ಗೋಡೆಯಾಚೆಯದೂ ಕಾಣುತ್ತದೆ ಎಂದು. ಅಣ್ಣನನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಮಾತೇ ಇರಲಿಲ್ಲ. ಅವರು ರೈಲಿನಲ್ಲಿ ನೀರೂ ಕುಡಿಯುವವರಲ್ಲ. ಹಾಗಾದರೆ ಅಳತೆ? ಬಳೆಗೆ ಕೈಯ ಅಳತೆ ಕಳಿಸುವುದಿಲ್ಲವೇ, ಹಾಗೆಯೇ ಎಂದರು ಶಾಮಣ್ಣ.

ಅಮ್ಮ ಜನಿವಾರಕ್ಕೆಂದು ನೂತಿಟ್ಟಿದ್ದ ನೂಲು ತಂದಳು. ಅಣ್ಣ ಹಜಾರದ ಬಾಗಿಲ ಬೆಳಕಿಗೆ ಕೂತು ಪುರಾಣದ ಕಟ್ಟು ಬಿಚ್ಚಿ, ಒಂದು ಓಲೆಗರಿಯನ್ನು ಹಿಡಿದು ಹಿಂದೆ ಮುಂದೆ ಮಾಡಿದರು. ಒಂದು ಕಡೆ ಕೈ ನಿಂತಿತು. ಅಲ್ಲಿಂದ ಓದತೊಡಗಿದರು. ಎಲ್ಲೂ ತಡೆಯಲಿಲ್ಲ. ಶಾಮಣ್ಣ ಮೂಗಿನ ಬುಡದಿಂದ ಗರಿಯವರೆಗೆ ನೂಲು ಎಳೆದು ಹಿಡಿದರು.

“ಅಲ್ಲಾಡ್ಬೇಡಯ್ಯ. ಓದೋವಾಗ ತಲೆ ತೂಗೋ ಅಭ್ಯಾಸ ನಿಂದು.”

“ತೂಗ್ದೇ ಓದೋದು ಹೇಗೋ?”

“ಇವತ್ತೊಂದಿನ ಕಲ್ಲಿನ ಬಸವನ ಹಾಗೆ ಓದು.”

ಅಮ್ಮ ನೂಲಿನ ಎರಡು ತುದಿಗೂ ಅರಿಸಿನ ಹಚ್ಚಿ ಗಂಟು ಹಾಕಿದಳು. ನಾನು ಪಕ್ಕದಲ್ಲೇ ಇದ್ದೆ. ಬೆಳಕಿನ ಶಾಸ್ತ್ರ ಓದುತ್ತಿದ್ದವನು, ಓದುವ ದೂರ ಗೊತ್ತಾದರೆ ಬೇಕಾದ ಮಸೂರವನ್ನು ಲೆಕ್ಕ ಹಾಕಿ ತಿಳಿಯಬಲ್ಲವನು. ಅಳತೆ ಸರಿಯಾಗಿದೆ ಎಂದು ನಾನೂ ಹೇಳಿದೆ.

ಅಮ್ಮನಿಗೆ ಮದರಾಸು ಕೊನೆಯವರೆಗೂ ‘ಕುಂಪಣಿ ಸೀಮೆ’. ಮಹಾರಾಜರ ಗಡಿ ದಾಟಿದರೆ ಅವಳ ಮಟ್ಟಿಗೆ ಅದು ಪರದೇಶ. ಓದಿದವನು ನಾನು ಅದಕ್ಕೆ ನಗುತ್ತಿದ್ದೆ. ಆದರೆ ಮದರಾಸಿನ ತಿರುವಲ್ಲಿಕ್ಕೇಣಿಯ ನನ್ನ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಎದ್ದಾಗ ಬೀದಿಯಲ್ಲಿ ಕೇಳುವ ಮಾತು ನನ್ನದಲ್ಲ ಎಂಬುದು ದಿನವೂ ಹೊಸದಾಗಿ ತಿಳಿಯುತ್ತಿತ್ತು. ಜೊತೆಗೆ ಓದುತ್ತಿದ್ದ ತಮಿಳು ಹುಡುಗರು ಸಭ್ಯರು. ಇಂಗ್ಲಿಷಿನಲ್ಲಿ ಮಾತಾಡಿಸಿ, ತಮ್ಮ ನಗುವನ್ನು ತಮಿಳಿನಲ್ಲಿ ನಗುತ್ತಿದ್ದರು.

ಬಿ.ಎ. ಪರೀಕ್ಷೆಯಲ್ಲಿ ನನ್ನ ಪತ್ರಿಕೆ ಎಲ್ಲರದಕ್ಕಿಂತ ಕೊನೆಗೆ ಬಿತ್ತು. ಮೈಸೂರಿನ ಗೆಳೆಯರೆಲ್ಲ ಆಗಲೇ ಊರಿಗೆ ಹೋಗಿದ್ದರು. ಪರೀಕ್ಷೆ ಮುಗಿದ ಮರುದಿನ ಪೂರ್ತಿ ನನ್ನದಾಗಿತ್ತು. ಅದರ ಮರುದಿನ ರೈಲು. ಮೂರು ವರ್ಷದಲ್ಲಿ ಅಷ್ಟು ಬಿಡುವಾದ ದಿನ ನನಗೆ ಸಿಕ್ಕಿರಲಿಲ್ಲ. ಅದನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಟ್ರಾಮಿನಲ್ಲಿ ಕೂತು, ಎಲ್ಲಿಗೆಂದು ಯೋಚಿಸದೆ ಅದು ನಿಲ್ಲುವ ಕೊನೆಯವರೆಗೆ ಹೋದೆ. ಇಳಿದು ಪೇಟೆಯಲ್ಲಿ ನಡೆದೆ. ಶಾಮಣ್ಣನವರಿಗೆ ನಶ್ಯ ಕೊಂಡೆ. ಅಂಗಡಿಯವನು ಮೂಸಲು ಕೊಟ್ಟ ಚಿಟಿಕೆಗೆ ಕಣ್ಣಲ್ಲಿ ನೀರು ಬಂತು. ಅವನು ನಕ್ಕ, ನಾನೂ ನಕ್ಕೆ. ಆ ದಿನ ನನ್ನ ಜೊತೆ ನಕ್ಕವನು ಅವನೊಬ್ಬನೇ. ಮಾರ್ಕೆಟ್ಟಿನಲ್ಲಿ ಹಿಂದಿನಿಂದ ಯಾರೋ ಕನ್ನಡ ಆಡಿದಂತಾಗಿ ತಿರುಗಿದೆ. ಗಂಡ ಹೆಂಡತಿ, ಬುಟ್ಟಿ ಹಿಡಿದುಕೊಂಡು ಹೋಗುತ್ತಿದ್ದರು. ಅವರ ಹಿಂದೆಯೇ ಅಂಗಡಿ ಅಂಗಡಿ ದಾಟಿ ನಡೆದೆ, ಇನ್ನೊಂದು ಮಾತು ಕೇಳಿಸಲಿ ಎಂದು. ಕೇಳಿಸಿದಾಗ ಅದು ತೆಲುಗಾಗಿತ್ತು. ಆಮೇಲೆಯೂ ಸ್ವಲ್ಪ ದೂರ ಅವರ ಹಿಂದೆಯೇ ಹೋದೆ. ಇದು ಅದೇ ದಿನವೋ ಬೇರೆ ದಿನವೋ ಆಣೆಯಿಟ್ಟು ಹೇಳಲಾರೆ. ಆದರೆ ನೆನಪಿನಲ್ಲಿ ಅದು ಆ ದಿನದಲ್ಲೇ ಬಂದು ಕೂತಿದೆ.

ಕನ್ನಡಕದ ಅಂಗಡಿ ದೊಡ್ಡ ರಸ್ತೆಯಲ್ಲಿತ್ತು. ಒಳಗೆ ತಂಪು, ಗಾಜಿನ ಬೀರುಗಳು, ಪಿಸುಮಾತು. ನನ್ನ ಕಚ್ಚೆ ಪಂಚೆ, ಕೋಟು, ಪೇಟ ನೋಡಿ ಗುಮಾಸ್ತ ಎದ್ದು ಬಂದ. ಅಗಲವಾದ ನಾಮ ಧರಿಸಿದ್ದ ತಮಿಳಿನವನು. ನಾನು ಕೋಟಿನ ಜೇಬಿನಿಂದ ನೂಲು ತೆಗೆದು ಗಾಜಿನ ಮೇಲೆ ಹರಡಿದೆ.

ಅವನು ಅದನ್ನು ಬಹಳ ಹೊತ್ತು ನೋಡಿದ. “ಕನ್ನಡಕ ಹಾಕಿಕೊಳ್ಳುವವರು ಎಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಮೈಸೂರು ಸೀಮೆಯಲ್ಲಿ. ಬರಲಾಗುವುದಿಲ್ಲ.”

“ಈ ದೂರದಲ್ಲಿ ಅವರು ಏನು ಓದಬಲ್ಲರು?”

“ಎಲ್ಲವನ್ನೂ. ನಾನೇ ಕೇಳಿದ್ದೇನೆ.”

ಅವನು ವಯಸ್ಸು ಕೇಳಿದ, ನೂಲನ್ನು ಅಡಿಪಟ್ಟಿಯ ಮೇಲಿಟ್ಟ, ಒಳಗೆ ಹೋಗಿ ದೊರೆಯೊಂದಿಗೆ ಏನೋ ಮಾತಾಡಿ ಬಂದ. ಅಷ್ಟರಲ್ಲಿ ನಾನು ಚೀಟಿಯ ಮೇಲೆ ನನ್ನ ಲೆಕ್ಕ ಮಾಡಿಟ್ಟಿದ್ದೆ. ಅವನ ಲೆಕ್ಕವೂ ನನ್ನದೂ ಒಂದೇ ಆಯಿತು. ಆ ಕ್ಷಣ ನನಗಾದ ಸಂತೋಷ ಪರೀಕ್ಷೆಯಲ್ಲೂ ಆಗಿರಲಿಲ್ಲ. ಮೂರು ವರ್ಷ ಒಬ್ಬನೇ ಕೂತು ಓದಿದ ಓದು ಮೊದಲ ಸಲ ಮನೆಯ ಕೆಲಸಕ್ಕೆ ಬಂದಿತ್ತು. ಹೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಆ ಲೆಕ್ಕಕ್ಕೆ ಸರಿಯಾಗಿ ಗುಮಾಸ್ತ ಬೀರುವಿನಿಂದ ತೆಗೆದುಕೊಟ್ಟ ಕನ್ನಡಕ ಕೊಂಡು, ಇಳಿಹೊತ್ತಿಗೆ ಸಮುದ್ರಕ್ಕೆ ಹೋದೆ. ಅಮ್ಮ ಒಂದು ಸೀಸೆ ಸಮುದ್ರದ ನೀರು ತರಲು ಹೇಳಿದ್ದಳು. ನಮ್ಮ ಹೊಳೆ ಹೋಗಿ ಸೇರುವುದು ಅಲ್ಲೇ ಎಂದು ಅವಳ ನಂಬಿಕೆ. ಕಾವೇರಿ ಅಲ್ಲಿ ಸೇರುವುದಿಲ್ಲ ಎಂದು ನಾನು ಹೇಳಿರಲಿಲ್ಲ. ಸೀಸೆ ತುಂಬಿಸಿ ಮರಳಿನ ಮೇಲೆ ಕೂತು ಕನ್ನಡಕ ತೆಗೆದು ನೋಡಿದೆ. ಉಕ್ಕಿನ ತಂತಿ ಬಿಸಿಲಿಗೆ ಬೇಗ ಕಾಯಿತು. ಹಾಕಿಕೊಂಡೆ. ಸಮುದ್ರ ಹೋಯಿತು. ಅಲೆ, ದೋಣಿ, ದಡದಲ್ಲಿ ಓಡಾಡುತ್ತಿದ್ದ ಜನ ಎಲ್ಲ ಕರಗಿ ಬರೀ ಬೆಳ್ಳಗಿನ ಹೊಗೆ ಉಳಿಯಿತು. ನನ್ನ ಕೈಯ ಗೆರೆಗಳು ಮಾತ್ರ ಸ್ಪಷ್ಟವಾಗಿ, ದೊಡ್ಡದಾಗಿ ಕಂಡವು. ತೆಗೆಯಲು ಮನಸ್ಸಾಗದೆ ಸುಮ್ಮನೆ ಕೂತೆ. ಅಷ್ಟು ಜನರ ನಡುವೆ ಯಾರೂ ಇಲ್ಲವೆಂಬುದು ಹಾಗಾದರೂ ಕಣ್ಣಿಗೆ ನಿಜವಾಯಿತು.

ನಂಜನಗೂಡಿನಲ್ಲಿ ಇಳಿದು ಶಾಮಣ್ಣನವರ ಮನೆಯಲ್ಲಿ ಊಟ ಮುಗಿಸಿ, ಇಬ್ಬರೂ ಒಟ್ಟಿಗೆ ಗಾಡಿ ಹತ್ತಿದೆವು. ಕನ್ನಡಕ ಮೂಗಿಗೆ ಹೇಗೆ ಕೂತೀತು ಎಂದು ನೋಡದೆ ಅವರಿಗೆ ಸಮಾಧಾನವಿರಲಿಲ್ಲ. ಗಾಡಿ ಹೊಡೆಯುತ್ತಿದ್ದ ಮಾದ ಹಿಂದಕ್ಕೆ ತಿರುಗಿ ಕೇಳಿದ.

“ಬುದ್ಧೀ, ಇದ್ನ ಆಕ್ಕಂಡ್ರೆ ಕುರುಡ್ರಿಗೂ ಕಾಣ್ತದಾ?”

“ನೀನು ಮೊದ್ಲು ಹಳ್ಳ ನೋಡಿ ಗಾಡಿ ಹೊಡಿ. ಕಾಣೋವರಿಗೇ ಕಾಣ್ತಿಲ್ಲ ಇಲ್ಲಿ,” ಎಂದರು ಶಾಮಣ್ಣ. ಮದರಾಸಿನ ನಶ್ಯದಿಂದಾಗಿ ಆ ಮಾತಿಗೆ ಮೂರು ಸೀನು ಬಿದ್ದವು.

ಅಣ್ಣ ಕೈಕಾಲು ತೊಳೆದು, ಕನ್ನಡಕವನ್ನೂ ನೀರಲ್ಲಿ ಅದ್ದಿ ಒರೆಸಿ ಹಾಕಿಕೊಂಡರು. ಅಮ್ಮ ಬಾಗಿಲ ಹಿಂದೆ ನಿಂತು, “ನಮ್ಮ ಅಮಲ್ದಾರರೇ ಬಂದು ಕೂತ ಹಾಗಿದೆ” ಎಂದಳು. ಅಣ್ಣ ಪುರಾಣದ ಗರಿ ತೆಗೆದು ಓದಿದರು. ಸಂಕ್ರಾಂತಿಯಲ್ಲಿ ಓದಿದಂತೆಯೇ, ತಡೆಯಿಲ್ಲದೆ. “ಚೆನ್ನಾಗಿ ಕಾಣ್ಸತ್ತೆ ಮಗು” ಎಂದರು. ಆ ಮಾತು ನನಗೆ ಸರಿಯಾಗಿ ನೆನಪಿದೆ. ಎಷ್ಟು ಸಲ ಹಿಂದಿರುಗಿ ಅದನ್ನು ಕೇಳಿಕೊಂಡಿದ್ದೇನೆಂದರೆ, ಸವೆದು ಬೇರೆಯಾಗಿದ್ದರೂ ಆಗಿರಬಹುದು.

ಆಷಾಢದ ಮೊದಲ ಸಂಜೆ ಹೊಳೆ ಕೆಂಪಾಗಿತ್ತು. ಮಂಟಪದ ತುಂಬ ಜನ, ಒದ್ದೆ ಕಂಬಳಿಗಳ ವಾಸನೆ. ತಾಲ್ಲೂಕಿಗೆ ಹೊಸದಾಗಿ ಬಂದಿದ್ದ ಅಮಲ್ದಾರರು ಮುಂದೆ ಕೂತಿದ್ದರು. ಶಾನುಭೋಗರು ಪೀಠದ ಮೇಲೆ ರೇಷ್ಮೆ ಬಟ್ಟೆ ಸುತ್ತಿದ ಒಂದು ದಪ್ಪ ಪುಸ್ತಕ ತಂದಿಟ್ಟರು.

“ಸಾಹೇಬರು ಅಚ್ಚಿನ ಪುರಾಣ ತರಿಸಿ ದೇವಸ್ಥಾನಕ್ಕೆ ಕೊಟ್ಟಿದ್ದಾರೆ. ಇದು ಬೇರೆ ಪುರಾಣ, ನಮ್ಮೂರಲ್ಲಿ ಇದುವರೆಗೆ ಯಾರೂ ಓದಿಲ್ಲ. ಈ ಸಲ ಇದೇ ಆಗ್ಲಿ. ಹೇಗೂ ಕನ್ನಡಕ ಬಂದಿದೆಯಲ್ಲ.”

ಅಣ್ಣ ಪುಸ್ತಕ ತೆರೆದರು. ಹತ್ತಿರ ತಂದರು, ದೂರ ಹಿಡಿದರು. ಕನ್ನಡಕ ತೆಗೆದು ಉತ್ತರೀಯದಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಜನ ಕಾದರು. ಮಳೆ ಬೀಳುತ್ತಿತ್ತು. ಅಣ್ಣನ ಬಾಯಿ ತೆರೆದು, ದನಿಯಿಲ್ಲದೆ ಮುಚ್ಚಿದ್ದನ್ನು ನಾನು ಕಂಬದ ಪಕ್ಕದಿಂದ ಕಂಡೆ. ಏನಾಗುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಶಾಮಣ್ಣನವರಿಗೆ ತಿಳಿಯಿತು. ಒಂದು ಚಿಟಿಕೆ ನಶ್ಯ ಏರಿಸಿ ಗಂಟಲು ಸರಿಮಾಡಿಕೊಂಡರು.

“ಇವತ್ತು ಮೊದಲ ದಿನ. ಪದ್ಯಕ್ಕೆ ಅವಸರ ಬೇಡ. ಪುರಾಣ ಅಂದ್ರೇನು, ಅದನ್ನ ಕೇಳೋ ಕಿವಿ ಹೇಗಿರ್ಬೇಕು, ಅದು ಮೊದ್ಲು ತಿಳೀಲಿ.”

ಹಾಗೆ ಹಿಡಿದವರು ಮಂಗಳಾರತಿಯವರೆಗೆ ಬಿಡಲಿಲ್ಲ. ಹೊರಗೆ ಬರುವಾಗ ಒಬ್ಬ ಹೆಂಗಸು, “ಇದೇನವ್ವ, ಉಪ್ಪಿನಕಾಯಿ ಬಡಿಸಿ ಎಬ್ಬಿಸ್ಬುಟ್ರು” ಎನ್ನುತ್ತಿದ್ದಳು.

ಮನೆಯಲ್ಲಿ ಎಲೆಯ ಮುಂದೆ ಕೂತ ಅಣ್ಣ ಅನ್ನ ಕಲಸಲಿಲ್ಲ.

“ಒಂದಕ್ಷರ ಕಾಣ್ಲಿಲ್ಲ ಕಣೋ ಶಾಮ. ಬಿಳೀ ಮೇಲೆ ಇರುವೆ ಹರಿದ ಹಾಗೆ.”

“ಸಂಕ್ರಾಂತಿಯಲ್ಲಿ ಅಷ್ಟು ದೂರದಿಂದ ಓದಿದ್ರಲ್ಲಣ್ಣಾ?” ಎಂದೆ.

ಅವರು ನನ್ನ ದನಿ ಬಂದ ಕಡೆ ತಿರುಗಿದರು. “ಓದಿದೆ. ಹುಡುಗನಾಗಿದ್ದಾಗ್ನಿಂದ ಅದನ್ನೇ ಓದ್ತಿದ್ದೀನಿ. ಬಾಯಿಗೆ ಬರ್ತಿತ್ತು, ಕಾಣ್ತಿದೆ ಅಂದ್ಕೊಂಡೆ. ಈಗ ಈ ಹೊಸ ಪುಸ್ತಕ ಬಂದ ಮೇಲೆ ತಿಳೀತು, ಕಾಣ್ತಿರ್ಲಿಲ್ಲ ಅಂತ.”

ಶಾಮಣ್ಣ ತಲೆಯ ಮೇಲೆ ಕೈ ಇಟ್ಟುಕೊಂಡರು. ಅಳತೆ ಹಿಡಿದವರು ಅವರು, ಲೆಕ್ಕ ಹಾಕಿದವನು ನಾನು. ಬೇರೆ ಏನಾದರೂ ಓದಿಸಿ ನೋಡೋಣವೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆ ಮನೆಯಲ್ಲಿ ಅಣ್ಣ ಓದುವುದೆಂದರೆ ಅದೊಂದೇ. ಕಣ್ಣಿಗೆ ಪೊರೆ ಬಂದಿದೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಕತ್ತಿ ಮುಟ್ಟಿಸಿಕೊಳ್ಳಲು ಅವರು ಒಪ್ಪಲಿಲ್ಲ.

ಮರುದಿನ ಊಟವಾದ ಮೇಲೆ ಅಣ್ಣ ನನ್ನನ್ನು ಕರೆದು, ದೇವಸ್ಥಾನದಿಂದ ಆ ಪುಸ್ತಕ ತರಿಸಿ, “ಇವತ್ತಿನದಷ್ಟು ಓದು” ಎಂದರು. ಓದಿದೆ. ಇನ್ನೊಮ್ಮೆ ಎಂದರು. ಮೂರನೆಯ ಸಲ ಅವರೇ ಹೇಳಿದರು, ರಾಗ ಸಹಿತ. ಸಂಜೆ ಮಂಟಪದಲ್ಲಿ ಕನ್ನಡಕ ಹಾಕಿ, ಪುಟ ತಿರುಗಿಸುತ್ತ ‘ಓದಿದರು’. ಅಮಲ್ದಾರರು ಮೆಚ್ಚಿ, ವಿಜ್ಞಾನ ಎಷ್ಟು ಮುಂದುವರಿದಿದೆ ನೋಡಿ ಎಂದರು.

ಆ ಮಳೆಗಾಲವೆಲ್ಲ ಹಾಗೆಯೇ ಕಳೆಯಿತು. ನಾನು ತೇರ್ಗಡೆಯಾದ ಸುದ್ದಿ ಬಂತು. ಮದರಾಸಿಗೆ ಹೋಗಿ ಲಾ ಕಾಲೇಜು ಸೇರಬೇಕಾಗಿದ್ದ ದಿನ ಬಂದು, ಕಳೆದೂ ಹೋಯಿತು. ನಾನು ಆ ಮಾತು ಎತ್ತಲಿಲ್ಲ. ಅಣ್ಣನೂ ಎತ್ತಲಿಲ್ಲ. ಊರಿನ ಓರಗೆಯವರು “ಯಾಕೋ ಇಲ್ಲೇ ಇದ್ದೀಯ?” ಎಂದು ಕೇಳುತ್ತಿದ್ದರು. ಇದ್ದ ಉತ್ತರ ಹೇಳುವಂಥದ್ದಲ್ಲ. ಮಧ್ಯಾಹ್ನ ಓದಿ ಮುಗಿಸಿದ ಮೇಲೆ ಸಂಗಮದ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದೆ. ಎರಡು ಹೊಳೆಗಳು ಬೇರೆ ಬೇರೆ ಬಣ್ಣದಲ್ಲಿ ಬಂದು, ಸ್ವಲ್ಪ ದೂರ ಪಕ್ಕಪಕ್ಕವೇ ಹರಿಯುತ್ತಿದ್ದವು. ಮದರಾಸಿನಲ್ಲಿ ಊರಿಗಾಗಿ ಹಂಬಲಿಸಿದ್ದವನು ಊರಿನಲ್ಲಿ ಕೂತು ಇಷ್ಟು ಒಂಟಿಯಾಗಬಹುದೆಂದು ಎಣಿಸಿರಲಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಿದ್ದೆ. ಹಳೆಯ ಪುರಾಣ ಓದುವಾಗ ತೂಗುತ್ತಿದ್ದ ತಲೆ ಈಗ ತೂಗುತ್ತಿರಲಿಲ್ಲ. ಪಾಠ ಒಪ್ಪಿಸುವ ಹುಡುಗನಂತೆ ನೆಟ್ಟಗೆ ಕೂತು ಒಪ್ಪಿಸುತ್ತಿದ್ದರು. ಅದನ್ನು ನಾನು ಆಗಲೇ ಕಂಡಿದ್ದೆನೋ, ಈಗ ಬರೆಯುವಾಗ ಕಾಣುತ್ತಿದ್ದೇನೋ?

ಕಾರ್ತಿಕದಲ್ಲಿ ಪುರಾಣಕ್ಕೆ ಮಂಗಳವಾಯಿತು. ಶಾನುಭೋಗರು ಶಾಲು ಹೊದಿಸಿ, ಮುಂದಿನ ವರ್ಷವೂ ಪೀಠ ಇವರದೇ, ಇನ್ನು ಅನುಮಾನವಿಲ್ಲ ಎಂದರು. ಅಣ್ಣ ಎದ್ದು ನಿಂತು ಶಾಲು ಮಡಿಸಿ ಕೈಯಲ್ಲಿ ಹಿಡಿದುಕೊಂಡರು.

“ಮುಂದಿನ ವರ್ಷಕ್ಕೆ ಶ್ರೀಕಂಠನ್ನ ಕೇಳಿ. ನನ್ನ ಕೈಲಿ ಆಗೋಲ್ಲ.”

ಶಾಮಣ್ಣ ಏನೋ ಹೇಳಲು ಹೊರಟು ನಿಲ್ಲಿಸಿದರು. ಅವರು ಮಾತು ನಿಲ್ಲಿಸಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಮನೆಗೆ ನಡೆಯುವಾಗ ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು.

“ಯಾಕಣ್ಣಾ? ಮುಂದಿನ ವರ್ಷವೂ ನಾನು ಓದ್ತಿದ್ದೆ.”

“ಓದ್ತಿದ್ದೆ. ಅದಕ್ಕೇ.”

ಸ್ವಲ್ಪ ದೂರ ಹೋದ ಮೇಲೆ, “ನೀನು ಮದರಾಸಿಗೆ ಹೋಗೋ ದಿನ ಯಾವಾಗ ಮತ್ತೆ ಬರತ್ತೋ ಕೇಳಿ ತಿಳ್ಕೊ” ಎಂದರು.

ಮುಂದಿನ ಮಳೆಗಾಲದಲ್ಲಿ ನಾನು ಮದರಾಸಿನಲ್ಲಿದ್ದೆ, ಅದೇ ತಿರುವಲ್ಲಿಕ್ಕೇಣಿಯಲ್ಲಿ. ಆದ್ದರಿಂದ ಇನ್ನು ಬರೆಯುವುದು ನಾನು ಕಂಡದ್ದಲ್ಲ. ರಜಕ್ಕೆ ಬಂದಾಗ ನಂಜನಗೂಡಿನಲ್ಲಿ ಶಾಮಣ್ಣ ಹೇಳಿದ್ದು. ಒಂದನ್ನು ಹತ್ತಾಗಿ ಬೆಳೆಸುವುದು ಅವರ ಕಸುಬು ಎಂಬುದನ್ನೂ ಮರೆಯಬಾರದು.

ಅಮಲ್ದಾರರಿಗೆ ವರ್ಗವಾಗಿ, ಮಂಟಪಕ್ಕೆ ಹಳೆಯ ಪುರಾಣವೇ ಮರಳಿತ್ತಂತೆ. ಶ್ರೀಕಂಠ ಒಳ್ಳೆಯ ಕಂಠದ ಹುಡುಗ, ಕಣ್ಣೂ ಚುರುಕು. ಅಣ್ಣ ಒಂದು ಸಂಜೆಯೂ ತಪ್ಪಿಸದೆ ಹೋಗಿ, ಕನ್ನಡಕ ಹಾಕಿಕೊಂಡು, ಕಂಬಕ್ಕೆ ಒರಗಿ ಕೇಳುತ್ತಿದ್ದರು. ಒಂದು ದಿನ ಹೊಳೆಯ ಕಡೆಯಿಂದ ಗಾಳಿ ನುಗ್ಗಿ ದೀಪಗಳೆಲ್ಲ ಆರಿಹೋದವು. ಶ್ರೀಕಂಠ ಪದ್ಯದ ನಡುವೆ ನಿಂತ. ಯಾರೋ ದೀಪ ತರಲು ಎದ್ದರು. ಆಗ ಕಂಬದ ಕಡೆಯಿಂದ ಆ ಪದ್ಯದ ಉಳಿದ ಅರ್ಧ ಕೇಳಿಸಿತು. ಶಾಮಣ್ಣ ಕತ್ತಲಲ್ಲೇ ಅರ್ಥ ಹೇಳಿದರು. ಕಂಬದ ಕಡೆಯಿಂದ ಮುಂದಿನ ಪದ್ಯ ಬಂತು, ಅದರ ಮುಂದಿನದೂ ಬಂತು. ದೀಪ ತಂದವನು ಬಾಗಿಲಲ್ಲೇ ಅದನ್ನು ಕೈಯಿಂದ ಮರೆಮಾಡಿ ನಿಂತುಬಿಟ್ಟನಂತೆ.

“ತಲೆ ತೂಗ್ತಿದ್ನೋ ಇಲ್ವೋ, ಆ ಕತ್ತಲಲ್ಲಿ ನಂಗೇನು ಕಾಣತ್ತೆ? ತೂಗ್ದೇ ಆ ದನಿ ಬರೋಲ್ಲ ಕಣಯ್ಯ,” ಎಂದರು ಶಾಮಣ್ಣ.

ಊರಿಗೆ ಹೋದ ಮೇಲೆ ಅಣ್ಣನನ್ನು ಕೇಳಿದೆ, ಆ ರಾತ್ರಿ ದೀಪ ಆರಿದಾಗ ನೀವೇ ಓದಿದಿರಂತೆ ಎಂದು. ಅವರು ಜಗಲಿಯ ಮೇಲೆ ಕೂತು ಹೊಳೆಯ ಸದ್ದು ಕೇಳುತ್ತಿದ್ದರು.

“ಹುಡುಗ ನಿಲ್ಲಿಸ್ಬಿಟ್ಟ. ಮರೆತ ಅಂದ್ಕೊಂಡು ಎತ್ತಿಕೊಟ್ಟೆ,” ಎಂದರು. “ದೀಪ ಆರಿತ್ತಾ?”